‘ರೈತನ ಶ್ವಾಸಕೋಶ’ – ಒಂದು ಕಾಯಿಲೆ ಬೆಳಕಿಗೆ ಬಂದ ಇತಿಹಾಸ

ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘವು ಇಪ್ಪತ್ತೈದು ವರ್ಷಗಳನ್ನು ಪೂರೈಸಿ ರಜತ ಮಹೋತ್ಸವ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಹೊರತರುತ್ತಿರುವ ಸ್ಮರಣ ಸಂಚಿಕೆಗೆ ನಿರ್ದೇಶಕರೆಲ್ಲರೂ ಒಂದೊಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ತಾಕೀತು ಮಾಡಿದ್ದಾರೆ. ಸಂಘ ಹುಟ್ಟಿ ಬೆಳೆದ ಕಥೆಯನ್ನು ಕಾರ್ಯದರ್ಶಿಗಳೇ ಬರೆಯುತ್ತಿದ್ದಾರೆ. ಕಾಲುಬಾಯಿ ಜ್ವರ, ಕೆಚ್ಚಲು ಬಾವು ಇವುಗಳ ಬಗ್ಗೆ ಪಶುವೈದ್ಯರ ಲೇಖನವಿದೆ. ಹಸುವಿನ ಕಾಯಿಲೆ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಹಸು ಸಾಕುವವರಿಗೆ ಅದೇ ಹಸುವಿನ ಮೇವಿನಿಂದ ಬರುವ ಕಾಯಿಲೆ ಬಗ್ಗೆ ನಮ್ಮ ಕಡೆ ಮಾತಾಡಿದವರನ್ನು ನಾವು ಕಾಣೆವು. ನಾವು ಓದಿರುವುದು ಎಸ್.ಎಸ್.ಎಲ್.ಸಿ.ವರೆಗೆ ಮಾತ್ರ. ಆದರೂ ನಮ್ಮ ಸಂಘದ ಒಂದು ಮನೆಯಲ್ಲಿ ಈ ಕಾಯಿಲೆ ಕಂಡ ಮೇಲೆ ವೈದ್ಯರನ್ನು ಕೇಳಿ, ಪುಸ್ತಕ ಓದಿಸಿಕೊಂಡು ತಿಳಿದುಕೊಂಡದ್ದನ್ನು ಇಲ್ಲಿ ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇವೆ.

ಈ ಕಾಯಿಲೆಗೆ ಇಂಗ್ಲಿಷಿನಲ್ಲಿ ‘ಫಾರ್ಮರ್ಸ್ ಲಂಗ್’ ಎಂದು ಹೆಸರು, ಅಂದರೆ ರೈತನ ಶ್ವಾಸಕೋಶ. ವೈದ್ಯರು ಇದನ್ನು ‘ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್’ ಎಂಬ ದೊಡ್ಡ ಗುಂಪಿಗೆ ಸೇರಿಸುತ್ತಾರೆ. ಬೂಷ್ಟು ಹಿಡಿದ ಹುಲ್ಲಿನ ಧೂಳು, ಹಕ್ಕಿಯ ಹಿಕ್ಕೆಯ ಧೂಳು, ಇಂಥವನ್ನು ಉಸಿರಿನಲ್ಲಿ ಎಳೆದುಕೊಂಡಾಗ ಕೆಲವರ ಮೈ ಅದನ್ನು ಸಹಿಸುವುದಿಲ್ಲ. ಶ್ವಾಸಕೋಶದ ತುದಿಯಲ್ಲಿರುವ ಸಣ್ಣ ಸಣ್ಣ ಗಾಳಿಗೂಡುಗಳು ಊದಿಕೊಳ್ಳುತ್ತವೆ. ಇದು ಅಂಟುರೋಗವಲ್ಲ, ಒಬ್ಬರಿಂದ ಒಬ್ಬರಿಗೆ ಬರುವುದಿಲ್ಲ. ದಮ್ಮು ಅಥವಾ ಉಬ್ಬಸವೂ ಅಲ್ಲ. ಉಬ್ಬಸ ಗಾಳಿ ಹೋಗುವ ಕೊಳವೆಯ ರೋಗ. ಇದು ಕೊಳವೆಯ ಕೊನೆಯ ಗೂಡಿನ ರೋಗ.

ಧೂಳಿನಿಂದ ಎದೆ ಕೆಡುತ್ತದೆ ಎಂಬುದು ಹಳಬರಿಗೆ ಗೊತ್ತಿಲ್ಲದ್ದೇನಲ್ಲ. ಸ್ವೀಡನ್ ದೇಶದ ಪಾದ್ರಿ ಓಲಾಸ್ ಮ್ಯಾಗ್ನಸ್ ಎಂಬುವರು 1555ರಲ್ಲಿ ಪ್ರಕಟಿಸಿದ ತಮ್ಮ ನಾಡಿನ ಪುಸ್ತಕದಲ್ಲಿ, ಕಾಳು ತೂರುವಾಗ ಗಾಳಿ ಬೀಸುವ ಹೊತ್ತು ನೋಡಿಕೊಂಡು ತೂರಬೇಕು, ಇಲ್ಲದಿದ್ದರೆ ಧೂಳು ಒಳಗೆ ಹೋಗಿ ಪ್ರಾಣಕ್ಕೇ ಕುತ್ತು ಎಂಬರ್ಥದ ಮಾತು ಬರೆದಿದ್ದಾರೆ. ನಮ್ಮ ಕಣಗಳಲ್ಲಿ ಸಂಜೆ ಗಾಳಿಗೆ ಕಾದು ಕುಳಿತು ಮೊರ ಎತ್ತುತ್ತಿದ್ದ ಹಿರಿಯರೂ ಅದನ್ನೇ ಮಾಡುತ್ತಿದ್ದರು, ಬರೆದಿಡಲಿಲ್ಲ ಅಷ್ಟೆ. ದೂರದ ಐಸ್‌ಲ್ಯಾಂಡ್ ದ್ವೀಪದಲ್ಲಿ 1790ರ ಹೊತ್ತಿಗೇ ಹುಲ್ಲಿನಿಂದ ಬರುವ ಕಾಯಿಲೆ ಎಂದು ಬರೆದಿಟ್ಟ ದಾಖಲೆಯಿದೆ. ಅಲ್ಲಿ ಚಳಿಗಾಲ ಉದ್ದ, ದನ ಕುರಿಗೆ ಕೂಡಿಟ್ಟ ಹುಲ್ಲೇ ಗತಿ, ಆ ಹುಲ್ಲು ಸರಿಯಾಗಿ ಒಣಗಲು ಬಿಸಿಲು ಕಡಿಮೆ.

ಇವರೆಲ್ಲರ ನಡುವೆ ಇಟಲಿಯ ಬರ್ನಾರ್ಡಿನೋ ರಮಾಜಿನಿ ಎಂಬ ವೈದ್ಯರ ಹೆಸರನ್ನು ಮಾತ್ರ ನಾವು ಮರೆಯಬಾರದು. ಮೋದೆನಾ ಎಂಬ ಊರಿನಲ್ಲಿ ಅವರ ಮನೆಯ ಮಲದ ಗುಂಡಿ ತೆಗೆಯಲು ಬಂದ ಆಳೊಬ್ಬ ಆತುರಾತುರವಾಗಿ ಕೆಲಸ ಮಾಡುತ್ತಿದ್ದನಂತೆ. ಯಾಕಪ್ಪಾ ಇಷ್ಟು ಅವಸರ ಎಂದು ಕೇಳಿದರೆ, ಇದರೊಳಗೆ ಹೆಚ್ಚು ಹೊತ್ತು ನಿಂತರೆ ಕಣ್ಣು ಹೋಗುತ್ತದೆ ಎಂದನಂತೆ. ಅಲ್ಲಿಂದ ರಮಾಜಿನಿಯವರು ಒಂದೊಂದೇ ಕಸುಬಿನವರ ಹತ್ತಿರ ಹೋಗಿ, ಅವರ ಕೆಲಸದ ಜಾಗದಲ್ಲೇ ನಿಂತು ನೋಡಿ, 1700ರಲ್ಲಿ ಕಸುಬುದಾರರ ರೋಗಗಳ ಬಗ್ಗೆಯೇ ಒಂದು ಗ್ರಂಥ ಬರೆದರು. ಅದರಲ್ಲಿ ಕಾಳು ಜರಡಿ ಹಿಡಿಯುವವರಿಗೂ ಅಳೆಯುವವರಿಗೂ ಒಂದು ಅಧ್ಯಾಯವಿದೆ. ಈ ಕೆಲಸದವರು ಹೆಚ್ಚುಕಮ್ಮಿ ಎಲ್ಲರೂ ಏದುಸಿರು ಬಿಡುತ್ತಾರೆ, ಮುಪ್ಪಿನವರೆಗೆ ಬದುಕುವುದು ಅಪರೂಪ ಎಂದಿದ್ದಾರೆ. ರೋಗಿ ಬಂದಾಗ ವೈದ್ಯರು ಹಿಂದಿನಿಂದ ಕೇಳುತ್ತಿದ್ದ ಪ್ರಶ್ನೆಗಳ ಜೊತೆಗೆ ಇನ್ನೊಂದನ್ನು ಅವರು ಸೇರಿಸಿದರು – ನೀನು ಮಾಡುವ ಕೆಲಸ ಏನು? ಇಷ್ಟು ಸಣ್ಣ ಪ್ರಶ್ನೆ. ಇದನ್ನು ಕೇಳಿದ ಕಡೆಯೆಲ್ಲ ಈ ಕಾಯಿಲೆ ಸಿಕ್ಕಿದೆ, ಕೇಳದ ಕಡೆಯೆಲ್ಲ ತಪ್ಪಿಸಿಕೊಂಡಿದೆ. ಇದರ ಇತಿಹಾಸ ಪೂರ್ತಿ ಹಾಗೇ ನಡೆದಿದೆ.

ಆಧುನಿಕ ವೈದ್ಯಶಾಸ್ತ್ರಕ್ಕೆ ಇದು ಸರಿಯಾಗಿ ಸಿಕ್ಕಿದ್ದು 1932ರಲ್ಲಿ. ಇಂಗ್ಲೆಂಡಿನ ಉತ್ತರಕ್ಕೆ ವೆಸ್ಟ್‌ಮೊರ್ಲ್ಯಾಂಡ್ ಎಂಬ ಮಳೆಯ ಸೀಮೆ. ಅಲ್ಲಿ ಕ್ಯಾಂಪ್‌ಬೆಲ್ ಎಂಬ ವೈದ್ಯರು ಹುಲ್ಲಿನ ಕೆಲಸ ಮಾಡಿದ ಮೇಲೆ ದಮ್ಮು ಕಟ್ಟಿಕೊಂಡು ಬಂದ ಹೊಲದ ಕೆಲಸಗಾರರನ್ನು ಕಂಡು ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬರೆದರು. ಹಿಂದಿನ ಬೇಸಿಗೆ ಮಳೆ ಹಿಡಿದು ಹುಲ್ಲು ಒದ್ದೆಯಾಗಿಯೇ ಮನೆ ಸೇರಿತ್ತು. ಚಳಿಗಾಲ ಕಳೆಯುವ ಹೊತ್ತಿಗೆ ಅದನ್ನು ಕೆದರಿದವರು ಮಲಗಿದರು.

ಅವರ ಹುಲ್ಲಿಗೂ ನಮ್ಮ ಹುಲ್ಲಿಗೂ ವ್ಯತ್ಯಾಸವಿದೆ ಎಂಬುದನ್ನು ಇಲ್ಲಿ ಹೇಳಬೇಕು. ಅಲ್ಲಿ ಹುಲ್ಲುಗಾವಲಿನ ಹಸಿರು ಹುಲ್ಲನ್ನು ಬೇಸಿಗೆಯಲ್ಲಿ ಕೊಯ್ದು ಒಣಗಿಸಿ ಚಳಿಗಾಲಕ್ಕೆ ಇಡುತ್ತಾರೆ. ನಮ್ಮದು ಭತ್ತ, ರಾಗಿ ಒಕ್ಕಿದ ಮೇಲೆ ಉಳಿಯುವ ಹುಲ್ಲು, ಬಿಸಿಲಲ್ಲಿ ಗರಿಗರಿಯಾಗಿ ಒಣಗಿದ್ದು. ಆದ್ದರಿಂದ ನಮಗೆ ಈ ಕಾಟ ಇಲ್ಲ ಎಂದುಕೊಳ್ಳುವ ಹಾಗಿಲ್ಲ. ಕಟಾವಿನ ಹೊತ್ತಿಗೆ ಸರಿಯಾಗಿ ಬಂಗಾಳ ಕೊಲ್ಲಿಯ ತುಫಾನು ಮಳೆ ಹಿಡಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಅರ್ಧ ಒಣಗಿದ ಹುಲ್ಲನ್ನು ಅವಸರದಲ್ಲಿ ಮೆದೆ ಹಾಕುತ್ತೇವೆ. ಹದಿನೈದು ದಿನ ಬಿಟ್ಟು ಕೈ ತೂರಿಸಿದರೆ ಒಳಗೆ ಸುಡುತ್ತಿರುತ್ತದೆ. ಈಗ ಯಂತ್ರದಲ್ಲಿ ಹುಲ್ಲಿನ ಪೆಂಡಿ ಕಟ್ಟಿಸುವುದು ಬಂದಿದೆ. ತೇವ ಇದ್ದಾಗ ಬಿಗಿಯಾಗಿ ಕಟ್ಟಿದ ಪೆಂಡಿಯೊಳಗೆ ಗಾಳಿಯಾಡುವುದಿಲ್ಲ, ಬಿಚ್ಚಿದಾಗ ಬೂದಿ ಹಾರಿದಂತೆ ಹಾರುತ್ತದೆ.

ಕ್ಯಾಂಪ್‌ಬೆಲ್ಲರ ನಂತರ ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಫುಲ್ಲರ್ ಎಂಬ ವೈದ್ಯರು 1953ರಲ್ಲಿ ಅಲ್ಲಿಯವರೆಗೆ ತಿಳಿದದ್ದನ್ನೆಲ್ಲ ಒಟ್ಟುಗೂಡಿಸಿ ಬರೆದರು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಹೆಲೆನ್ ಡಿಕಿ ಮತ್ತು ಜಾನ್ ರಾಂಕಿನ್ ಎಂಬ ವೈದ್ಯರು 1958ರಲ್ಲಿ, ಶ್ವಾಸಕೋಶದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಒಳಗೆ ಏನಾಗಿರುತ್ತದೆ ಎಂಬುದನ್ನು ವಿವರಿಸಿದರು. ವಿಸ್ಕಾನ್ಸಿನ್ ಎಂದರೆ ಅಮೆರಿಕದ ಹಾಲಿನ ಸೀಮೆ, ಮನೆಮನೆಯಲ್ಲೂ ಹಸು. ಡಿಕಿಯವರು ಕ್ಷಯರೋಗದಲ್ಲಿ ಪಳಗಿದ ವೈದ್ಯೆಯಾಗಿದ್ದವರು. ಟಿ.ಬಿ.ಯನ್ನು ಚೆನ್ನಾಗಿ ಬಲ್ಲವರಿಗೇ ಇದು ಟಿ.ಬಿ. ಅಲ್ಲ ಎಂದು ಹೊಳೆಯುವುದು ಸಹಜ ಎಂದು ನಮಗೆ ತೋರುತ್ತದೆ.

ಇಷ್ಟು ವರ್ಷ ಇದು ವೈದ್ಯರ ಕಣ್ಣಿಗೆ ಬೀಳದಿರಲು ಮುಖ್ಯ ಕಾರಣ ಹೊತ್ತಿನ ಲೆಕ್ಕ. ಚೇಳು ಕಡಿದರೆ ತಕ್ಷಣ ಗೊತ್ತಾಗುತ್ತದೆ. ಉಬ್ಬಸದವರಿಗೆ ಧೂಳು ತಾಗಿದ ಹತ್ತು ನಿಮಿಷದಲ್ಲೇ ಸುಯ್ ಸುಯ್ ಶುರುವಾಗುತ್ತದೆ. ಇದು ಹಾಗಲ್ಲ. ಹುಲ್ಲು ಕೆದರಿ ನಾಲ್ಕರಿಂದ ಎಂಟು ಗಂಟೆ ಕಳೆದ ಮೇಲೆ ಬರುತ್ತದೆ. ಮಧ್ಯಾಹ್ನ ಮೆದೆ ಕೆಲಸ ಮಾಡಿದವರಿಗೆ ರಾತ್ರಿ ಊಟದ ಹೊತ್ತಿಗೆ ಚಳಿಜ್ವರ, ಮೈಕೈ ನೋವು, ಒಣಕೆಮ್ಮು, ಎದೆ ಬಿಗಿತ. ಒಂದೆರಡು ದಿನಕ್ಕೆ ತಾನಾಗಿಯೇ ಇಳಿಯುತ್ತದೆ. ಫ್ಲೂ ಎನ್ನುತ್ತಾರೆ, ಮಲೇರಿಯಾ ಎನ್ನುತ್ತಾರೆ, ರಾತ್ರಿ ಉಂಡದ್ದರ ಮೇಲೆ ಹಾಕುತ್ತಾರೆ. ಮಧ್ಯಾಹ್ನದ ಹುಲ್ಲಿನ ನೆನಪು ಯಾರಿಗೂ ಬರುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪವೇ ಧೂಳು ಕುಡಿಯುವವರಲ್ಲಿ ಜ್ವರವೂ ಎದ್ದು ಕಾಣುವುದಿಲ್ಲ. ತೂಕ ಇಳಿಯುತ್ತದೆ, ಸುಸ್ತು, ದಿಣ್ಣೆ ಹತ್ತಿದರೆ ಏದುಸಿರು. ವರ್ಷಗಟ್ಟಲೆ ಹೀಗೇ ಸಾಗಿದರೆ ಶ್ವಾಸಕೋಶ ಗಾಯದ ಕಲೆಯಂತೆ ಗಟ್ಟಿಯಾಗಿಬಿಡುತ್ತದೆ. ಆಮೇಲೆ ಅದು ಮೊದಲಿನಂತೆ ಆಗುವುದಿಲ್ಲ.

ನಮ್ಮ ಸಂಘದ ಮನೆಯ ಸಂಗತಿಯನ್ನು ಇಲ್ಲೇ ಹೇಳಬೇಕು. ಮನೆಯವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಬರೆಯುತ್ತಿದ್ದೇವೆ. ಸಂಘಕ್ಕೆ ಎರಡು ಹೊತ್ತೂ ತಪ್ಪದೆ ಹಾಲು ಹಾಕುವ ಸದಸ್ಯರೊಬ್ಬರ ಹೆಂಡತಿ, ನಮಗೆ ಅಕ್ಕನ ಸಮಾನರು. ಮೂರು ಸೀಮೆಹಸು. ಎರಡು ವರ್ಷದಿಂದ ಕೆಮ್ಮು, ಸಂಜೆಯ ಜ್ವರ, ಮೈ ಇಳಿಯುತ್ತಾ ಬಂತು. ಹತ್ತಿರದ ಪೇಟೆಯ ಆಸ್ಪತ್ರೆಯೊಂದರಲ್ಲಿ ಎಕ್ಸರೇ ತೆಗೆದು ಟಿ.ಬಿ. ಇರಬಹುದು ಎಂದರು. ಕಫದಲ್ಲಿ ರೋಗಾಣು ಸಿಗಲಿಲ್ಲ, ಆದರೂ ಆರು ತಿಂಗಳ ಮಾತ್ರೆ ನುಂಗಿದ್ದಾಯಿತು. ಆಸ್ಪತ್ರೆಗೆ ಸೇರಿಸಿದಾಗ ವಾರದಲ್ಲಿ ಗೆಲುವಾಗುತ್ತಿದ್ದರು, ಮನೆಗೆ ಕರೆತಂದ ಮೂರನೇ ದಿನಕ್ಕೆ ಮತ್ತೆ ಜ್ವರ. ತವರಿಗೆ ಹೋದರೆ ಚೆನ್ನಾಗಿರುತ್ತಿದ್ದರು, ಗಂಡನ ಮನೆಗೆ ಬಂದರೆ ಮಲಗುತ್ತಿದ್ದರು. ಊರಲ್ಲಿ ಇದಕ್ಕೆ ಏನೇನು ಅರ್ಥ ಕಟ್ಟಿದರೆಂದು ಬರೆಯುವುದು ಬೇಡ. ಅತ್ತೆ ಮನೆಯ ಕೆಲಸ ತಪ್ಪಿಸಿಕೊಳ್ಳುವ ನೆಪ ಎಂದವರೂ ಇದ್ದರು. ಗಾಳಿ ಸೋಕಿದೆ ಎಂದು ಒಬ್ಬರು, ಮನೆಯ ವಾಸ್ತು ಸರಿಯಿಲ್ಲ ಎಂದು ಇನ್ನೊಬ್ಬರು. ಕೊಟ್ಟಿಗೆಯ ಬಾಗಿಲನ್ನು ಪೂರ್ವದಿಂದ ಉತ್ತರಕ್ಕೆ ಒಡೆಸಿದರು, ಅದಕ್ಕೆ ಹದಿನೆಂಟು ಸಾವಿರ ಖರ್ಚು. ರೋಗ ಕೊಟ್ಟಿಗೆಯಲ್ಲೇ ಇತ್ತು, ಆದರೆ ಬಾಗಿಲಲ್ಲಿ ಇರಲಿಲ್ಲ.

ಕೊನೆಗೆ ಮೈಸೂರಿನಲ್ಲಿ ಒಬ್ಬ ಚಿಕ್ಕ ವಯಸ್ಸಿನ ವೈದ್ಯೆ ನೋಡಿದರು. ಚೀಟಿಯಲ್ಲಿ ಕಸುಬು ಎನ್ನುವ ಕಡೆ ‘ಗೃಹಿಣಿ’ ಎಂದಿತ್ತು. ಏನ್ ಕೆಲಸ ಮಾಡ್ತಾರೆ ಎಂದು ಕೇಳಿದ್ದಕ್ಕೆ ಯಜಮಾನರು, “ಏನೂ ಇಲ್ಲ ಮೇಡಂ, ಮನೇಲೇ ಇರ್ತಾಳೆ” ಎಂದರು. ಆ ವೈದ್ಯೆ ಅಷ್ಟಕ್ಕೆ ಬಿಡಲಿಲ್ಲ. ಹೆಂಗಸಿನ ಕಡೆ ತಿರುಗಿ, “ಅಮ್ಮಾ, ಬೆಳಿಗ್ಗೆ ಎದ್ದೋರು ಮೊದ್ಲು ಏನ್ ಮಾಡ್ತೀರಿ? ಒಂದೊಂದೇ ಹೇಳಿ” ಎಂದರು. “ಏನ್ ಮಾಡಾದು ಕಣವ್ವ, ಕೊಟ್ಟಿಗೆ ಕಸ ಗುಡಿಸ್ತೀನಿ, ಸಗಣಿ ಬಾಚ್ತೀನಿ, ಮೆದೆಯಿಂದ ಹುಲ್ಲು ಹಿರ್ದು ಹಾಕ್ತೀನಿ, ಹಾಲು ಕರೀತೀನಿ. ಮದ್ಯಾನ್ದಾಗೆ ಇನ್ನೊಂದ್ಸಲ ಹುಲ್ಲು ಕೊಡವಿ ಹಾಕ್ತೀನಿ.” “ಆ ಹುಲ್ಲು ಹೆಂಗಿದೆ?” “ಹೋದ್ ಸುಗ್ಗೀಲಿ ಮಳೆ ಬಂದು ನೆಂದೋಯ್ತಲ್ಲ, ಒಳಗೆಲ್ಲ ಬಿಳೀ ಬೂಷ್ಟು. ಕೊಡವಿ ಕೊಡವಿ ಹಾಕ್ಬೇಕು.” ಮುಂದಿನ ಪರೀಕ್ಷೆಗಳೆಲ್ಲ ಆಮೇಲೆ ನಡೆದವು. ಆದರೆ ಕಾಯಿಲೆ ಗೊತ್ತಾದದ್ದು ಈ ಮಾತಿನಲ್ಲೇ ಎಂದು ಆ ವೈದ್ಯೆಯೇ ನಮಗೆ ಹೇಳಿದರು. ಸಂಘದ ಪುಸ್ತಕದಲ್ಲಿ ಸದಸ್ಯತ್ವ ಯಜಮಾನರ ಹೆಸರಿನಲ್ಲಿದೆ. ಹುಲ್ಲಿನ ಧೂಳು ಯಾರ ಹೆಸರಿನಲ್ಲಿದೆ ಎಂದು ಯಾವ ಪುಸ್ತಕದಲ್ಲೂ ಇಲ್ಲ.

ಇನ್ನು ಹುಲ್ಲಿನಲ್ಲಿ ಇರುವ ವಿಷ ಯಾವುದು ಎಂಬುದನ್ನು ಕಂಡುಹಿಡಿದ ಕಥೆ. ಇದು ನಮಗೆ ಬಹಳ ಇಷ್ಟವಾದ ಭಾಗ, ಏಕೆಂದರೆ ಇದರಲ್ಲಿ ವೈದ್ಯರ ಜೊತೆ ಕೃಷಿ ವಿಜ್ಞಾನಿಗಳ ಪಾಲೂ ಇದೆ. ಲಂಡನ್ನಿನಲ್ಲಿ ಜಾಕ್ ಪೆಪಿಸ್ ಎಂಬ ಅಲರ್ಜಿ ತಜ್ಞರಿದ್ದರು, ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದವರು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ 1843ರಲ್ಲಿ ಆರಂಭವಾದ ಹಳೆಯ ಕೃಷಿ ಸಂಶೋಧನಾ ಕೇಂದ್ರವಿದೆ. ಅಲ್ಲಿ ಫಿಲಿಪ್ ಗ್ರೆಗರಿ ಎಂಬುವರು ಗಾಳಿಯಲ್ಲಿ ಹಾರುವ ಬೂಷ್ಟಿನ ಬೀಜಕಣಗಳನ್ನು ಹಿಡಿದು ಎಣಿಸುವುದರಲ್ಲಿ ನಿಪುಣರು. ಅವರ ಮೂಲ ವಿದ್ಯೆ ಬೆಳೆಯ ರೋಗ, ಮನುಷ್ಯರ ರೋಗವಲ್ಲ. ಅವರ ಜೊತೆ ಮೌರೀನ್ ಲೇಸಿ ಮೊದಲಾದವರು ಸೇರಿಕೊಂಡು ಬೇರೆ ಬೇರೆ ತೇವದಲ್ಲಿ ಹುಲ್ಲಿನ ಪೆಂಡಿ ಕಟ್ಟಿಸಿ ಕಾದು ನೋಡಿದರು.

ಅವರು ಕಂಡದ್ದು ಹೀಗೆ. ನೂರಕ್ಕೆ 16ರಷ್ಟು ತೇವ ಇದ್ದ ಹುಲ್ಲು ಬಿಸಿಯೇರಲಿಲ್ಲ, ಹಾಗೇ ಉಳಿಯಿತು. ನೂರಕ್ಕೆ 25ರಷ್ಟಿದ್ದದ್ದು ಸುಮಾರು 45 ಡಿಗ್ರಿ ಸೆಂಟಿಗ್ರೇಡಿಗೆ ಏರಿ, ಸಾಮಾನ್ಯ ಬೂಷ್ಟು ಹಿಡಿಯಿತು. ನೂರಕ್ಕೆ 40ರಷ್ಟು ತೇವ ಇದ್ದ ಹುಲ್ಲು 60 – 65 ಡಿಗ್ರಿಯವರೆಗೆ ಕಾದಿತು. ಕೈ ಇಡಲಾಗದಷ್ಟು ಬಿಸಿ. ಆ ಬಿಸಿಯಲ್ಲಿ ಬೇರೆಲ್ಲ ಜೀವಿಗಳು ಸತ್ತು, ಬಿಸಿಯನ್ನೇ ಬಯಸುವ ಆಕ್ಟಿನೋಮೈಸೀಟ್ ಎಂಬ ಜಾತಿಯ ಸೂಕ್ಷ್ಮಾಣುಗಳು ವಿಪರೀತ ಬೆಳೆದವು. ನಮ್ಮ ತಿಪ್ಪೆ ತೆಗೆಯುವಾಗ ಹೊಗೆಯಾಡುವ ಗೊಬ್ಬರದ ಒಳಗೆ ಸುಣ್ಣ ಚೆಲ್ಲಿದ ಹಾಗೆ ಬಿಳಿ ಪುಡಿ ಕಾಣುತ್ತದಲ್ಲ, ಅದೂ ಇದೇ ಬಳಗದ್ದು. ಇದರ ಒಂದು ಬೀಜಕಣದ ಗಾತ್ರ ಸುಮಾರು ಒಂದು ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗ. ಮೂಗಿನ ಕೂದಲಿಗೂ ಗಂಟಲಿನ ಕಫಕ್ಕೂ ಸಿಗದೆ ನೇರವಾಗಿ ಗಾಳಿಗೂಡಿಗೆ ಇಳಿಯುತ್ತದೆ. ಇಂಥ ಹುಲ್ಲನ್ನು ಕೊಡವಿದ ಕೊಟ್ಟಿಗೆಯ ಒಂದು ಘನ ಮೀಟರ್ ಗಾಳಿಯಲ್ಲಿ 160 ಕೋಟಿಯವರೆಗೆ ಬೀಜಕಣಗಳಿದ್ದವು ಎಂದು 1964ರಲ್ಲಿ ಎಣಿಸಿ ಬರೆದರು. ಮೂಗಿಗೆ ಟವೆಲ್ಲು ಸುತ್ತಿಕೊಂಡರೆ ಸಾಕು ಎನ್ನುವವರು ಈ ಲೆಕ್ಕವನ್ನು ಇನ್ನೊಮ್ಮೆ ಓದಬೇಕು. ಟವೆಲ್ಲು ಸುಂಕನ್ನು ತಡೆಯಬಹುದು, ಇದನ್ನು ತಡೆಯುವುದಿಲ್ಲ.

ಇತ್ತ ಪೆಪಿಸ್ ಅವರು ರೋಗಿಗಳ ರಕ್ತ ತೆಗೆದು ನೋಡಿದರು. ಗಾಜಿನ ತಟ್ಟೆಯಲ್ಲಿ ಕಡಲೆಹಿಟ್ಟಿನ ಹಲ್ವದ ಹಾಗೆ ಗಟ್ಟಿಯಾಗುವ ಅಗಾರ್ ಎಂಬ ಲೋಳೆ ಹುಯ್ದು, ಅದರಲ್ಲಿ ಸಣ್ಣ ಸಣ್ಣ ಕುಳಿ ತೋಡುತ್ತಾರೆ. ಒಂದು ಕುಳಿಗೆ ಬೂಷ್ಟು ಹುಲ್ಲಿನ ಕಷಾಯ, ಪಕ್ಕದ ಕುಳಿಗೆ ರೋಗಿಯ ರಕ್ತದ ತಿಳಿ. ಎರಡೂ ಲೋಳೆಯಲ್ಲಿ ಹರಡಿಕೊಂಡು ಎದುರಾಗುತ್ತವೆ. ರೋಗಿಯ ಮೈ ಆ ಹುಲ್ಲಿನ ಮೇಲೆ ಯುದ್ಧ ಹೂಡಿದ್ದರೆ ಎರಡೂ ಸೇರುವ ಜಾಗದಲ್ಲಿ ಒಂದು ಬಿಳಿ ಗೆರೆ ಮೂಡುತ್ತದೆ. ರೋಗಿಗಳ ರಕ್ತದಲ್ಲಿ ಗೆರೆ ಮೂಡಿತು. ಒಳ್ಳೆಯ ಹುಲ್ಲಿನ ಕಷಾಯಕ್ಕೆ ಮೂಡದೆ ಬೂಷ್ಟು ಹುಲ್ಲಿಗೆ ಮಾತ್ರ ಮೂಡಿತು. ಬೂಷ್ಟಿನಲ್ಲಿರುವ ಜೀವಿಗಳನ್ನು ಒಂದೊಂದಾಗಿ ಬೇರ್ಪಡಿಸಿ ಪರೀಕ್ಷಿಸಿದಾಗ ಕಳ್ಳ ಆ ಬಿಸಿ ಹುಲ್ಲಿನ ಸೂಕ್ಷ್ಮಾಣುವೇ ಎಂದು ಖಚಿತವಾಯಿತು. 1963ರಲ್ಲಿ ಲಂಡನ್ನಿನ ವೈದ್ಯರೂ ರಾಥಮ್‌ಸ್ಟೆಡ್ಡಿನ ಕೃಷಿ ವಿಜ್ಞಾನಿಗಳೂ ಒಟ್ಟಿಗೆ ಸಹಿ ಹಾಕಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಸೂಕ್ಷ್ಮಾಣುವಿಗೆ ಮೈಕ್ರೋಪಾಲಿಸ್ಪೋರಾ ಫೀನೈ ಎಂಬ ಹೆಸರು ಬಹಳ ಕಾಲ ಇತ್ತು, ಈಗ ಸ್ಯಾಕರೋಪಾಲಿಸ್ಪೋರಾ ರೆಕ್ಟಿವಿರ್ಗುಲಾ ಎನ್ನುತ್ತಾರೆ. ಹೆಸರು ಬದಲಾಯಿಸುವುದರಲ್ಲಿ ವಿಜ್ಞಾನಿಗಳು ನಮ್ಮ ಸರ್ಕಾರಗಳನ್ನೂ ಮೀರಿಸಿದ್ದಾರೆ.

ಹಾಲು ಉತ್ಪಾದಕರಿಗೆ ಇಲ್ಲಿ ಇನ್ನೊಂದು ಮಾತು. ಚಳಿಗಾಲದಲ್ಲಿ ಕೊಟ್ಟಿಗೆಯಲ್ಲೇ ಕಟ್ಟಿ ಬೂಷ್ಟು ಹುಲ್ಲು ಹಾಕಿದ ಹಸುಗಳಿಗೂ ಇದೇ ಕಾಯಿಲೆ ಬರುತ್ತದೆಂದು ಅಲ್ಲಿನ ಪಶುವೈದ್ಯರು ಕಂಡುಕೊಂಡರು. ಕೆಮ್ಮುವ ಹಸುವಿನ ರಕ್ತದಲ್ಲೂ ಅದೇ ಗೆರೆ. ಬ್ರಿಟನ್ ಸರ್ಕಾರ 1965ರಲ್ಲಿ ಇದನ್ನು ಕೆಲಸದಿಂದ ಬರುವ ರೋಗಗಳ ಪಟ್ಟಿಗೆ ಸೇರಿಸಿ, ಕೂಲಿಯಾಳುಗಳಿಗೆ ಪರಿಹಾರದ ಹಕ್ಕು ಕೊಟ್ಟಿತು.

ನಮ್ಮದು ಕಬ್ಬಿನ ಸೀಮೆಯಾದ್ದರಿಂದ ಕಬ್ಬಿನ ಸಿಪ್ಪೆಯ ವಿಷಯವನ್ನೂ ಬಿಡುವಂತಿಲ್ಲ. ಕಾರ್ಖಾನೆಯವರು ಇದನ್ನು ಬಗಾಸ್ ಎನ್ನುತ್ತಾರೆ. ರಸ ಹಿಂಡಿದ ಸಿಪ್ಪೆಯನ್ನು ಕಾಗದ, ರಟ್ಟು, ಹಲಗೆ ಮಾಡಲು ತಿಂಗಳುಗಟ್ಟಲೆ ರಾಶಿ ಹಾಕಿಟ್ಟು ಆಮೇಲೆ ಬಿಚ್ಚಿ ಪುಡಿ ಮಾಡುವವರಿಗೆ ಇದೇ ತರಹದ ಎದೆರೋಗ ಬರುವುದನ್ನು ಅಮೆರಿಕದ ಲೂಯಿಸಿಯಾನಾ ರಾಜ್ಯದಲ್ಲಿ 1941ರಲ್ಲಿ ವರದಿ ಮಾಡಿದರು. ಬಗಾಸೋಸಿಸ್ ಎಂದು ಹೆಸರಾಯಿತು. ನಮ್ಮ ದೇಶದಲ್ಲಿ ಮೊದಲು ವರದಿ ಮಾಡಿದವರು ಗಂಗೂಲಿ ಮತ್ತು ಪಾಲ್ ಎಂಬ ವೈದ್ಯರು, 1955ರಲ್ಲಿ, ಕಲ್ಕತ್ತೆಯ ಬಳಿಯ ಒಂದು ರಟ್ಟಿನ ಕಾರ್ಖಾನೆಯಲ್ಲಿ. ಇದಕ್ಕೆ ಕಾರಣವಾದ ಸೂಕ್ಷ್ಮಾಣುವಿಗೆ ಸಕ್ಕರೆಯ ಹೆಸರನ್ನೇ ಸೇರಿಸಿ ಥರ್ಮೋಆಕ್ಟಿನೋಮೈಸಿಸ್ ಸ್ಯಾಕರೈ ಎಂದು 1971ರಲ್ಲಿ ಹೆಸರಿಟ್ಟರು. ಸಿಪ್ಪೆಯ ತೇವವನ್ನು ನೂರಕ್ಕೆ 20ಕ್ಕಿಂತ ಮೇಲಿಟ್ಟು, ನೂರಕ್ಕೆ 2ರ ಪ್ರಮಾಣದ ಪ್ರೊಪಿಯಾನಿಕ್ ಆಮ್ಲದ ದ್ರಾವಣ ಚಿಮುಕಿಸಿದರೆ ರೋಗ ತಡೆಯಬಹುದೆಂದು ವೈದ್ಯ ವಿದ್ಯಾರ್ಥಿಗಳ ಪಠ್ಯದಲ್ಲೇ ಇದೆ. ನಮ್ಮ ಆಲೆಮನೆಗಳಲ್ಲಿ ಸಿಪ್ಪೆಯನ್ನು ಬಿಸಿಲಿಗೆ ಹರಡಿ ಒಂದೆರಡು ದಿನದಲ್ಲಿ ಒಲೆಗೆ ಹಾಕಿಬಿಡುತ್ತಾರೆ. ಹಳೆಯ ರಾಶಿ ಮಳೆಯಲ್ಲಿ ನೆಂದು ಕುಳಿತಿದ್ದರೆ ಮಾತ್ರ ಅದನ್ನು ಕೆದರುವವರು ಹುಷಾರಾಗಿರಬೇಕು.

ಪಾರಿವಾಳ ಸಾಕುವವರಲ್ಲೂ ಇದೇ ಬಗೆಯ ರೋಗವಿದೆ ಎಂದು ಅಮೆರಿಕದ ವೈದ್ಯರು 1965ರಲ್ಲಿ ಬರೆದರು. ಹಿಕ್ಕೆ ಮತ್ತು ಗರಿಯ ಧೂಳು ಅದಕ್ಕೆ ಕಾರಣ. 2025ರಲ್ಲಿ ಮುಂಬಯಿಯಲ್ಲಿ ಪಾರಿವಾಳಕ್ಕೆ ಕಾಳು ಹಾಕುವ ಕಬೂತರ್‌ಖಾನೆಗಳ ಜಗಳ ಹೈಕೋರ್ಟಿನವರೆಗೆ ಹೋದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಅಣಬೆ ಬೆಳೆಯುವವರಿಗೆ ಅದರ ಗೊಬ್ಬರದಿಂದ ಬರುವುದೂ ಉಂಟು.

ನಮ್ಮ ದೇಶದ ಲೆಕ್ಕ ಬೇಕೆಂದರೆ 2017ರಲ್ಲಿ ಜೈಪುರದ ಡಾ. ಶೀತು ಸಿಂಗ್ ಮತ್ತು ಸಂಗಡಿಗರು ಪ್ರಕಟಿಸಿದ್ದು ಇದೆ. 19 ನಗರಗಳ 27 ಕೇಂದ್ರಗಳಲ್ಲಿ ಶ್ವಾಸಕೋಶದ ಒಳಪೊರೆ ಕೆಟ್ಟು ಬಂದ 1,084 ರೋಗಿಗಳನ್ನು ನೋಡಿದರೆ, ನೂರಕ್ಕೆ 47 ಜನರಲ್ಲಿ ಇದೇ ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್. ಅವರಲ್ಲಿ ಹೆಚ್ಚುಕಮ್ಮಿ ಅರ್ಧ ಜನ ಏರ್‌ಕೂಲರ್ ಗಾಳಿಗೆ ಮೈಯೊಡ್ಡಿದವರು. ಕೂಲರಿನ ನೆಂದ ಮೆತ್ತೆಯಲ್ಲಿ ಬೂಷ್ಟು ಬೆಳೆದು ಅದೇ ಗಾಳಿ ರಾತ್ರಿಯಿಡೀ ಮುಖಕ್ಕೆ ಬೀಸುತ್ತದೆ. ಅಪರೂಪದ ಕಾಯಿಲೆ ಎಂದುಕೊಂಡದ್ದು ನಮ್ಮ ದೇಶದಲ್ಲಿ ಅಷ್ಟು ಅಪರೂಪವಲ್ಲ ಎಂದಾಯಿತು.

ಈಗ ಇದನ್ನು ವೈದ್ಯರು ಹೇಗೆ ಪತ್ತೆ ಮಾಡುತ್ತಾರೆ? ಮೊದಲು ಕಫ ಪರೀಕ್ಷೆ ಮಾಡಿ ಟಿ.ಬಿ. ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲೇಬೇಕು. ನಮ್ಮ ಲೇಖನ ಓದಿ ಯಾರೂ ಟಿ.ಬಿ. ಮಾತ್ರೆಯನ್ನು ನಡುವೆ ನಿಲ್ಲಿಸಬಾರದು, ಅದು ಇದಕ್ಕಿಂತ ದೊಡ್ಡ ಅನಾಹುತ. ಕೆನಡಾದ ಲಕಾಸ್ ಮತ್ತು ಸಂಗಡಿಗರು 2003ರಲ್ಲಿ ಆರು ಗುರುತುಗಳನ್ನು ಹೇಳಿದರು. ರೋಗ ತರುವ ಧೂಳಿನ ಸಂಪರ್ಕ, ರಕ್ತದಲ್ಲಿ ಅದರ ವಿರುದ್ಧದ ಕಣ, ಮತ್ತೆ ಮತ್ತೆ ಮರುಕಳಿಸುವುದು, ಉಸಿರೆಳೆದಾಗ ಎದೆಯಲ್ಲಿ ಚರಚರ ಸದ್ದು, ಧೂಳು ತಾಗಿದ ನಾಲ್ಕರಿಂದ ಎಂಟು ಗಂಟೆಗೆ ಶುರುವಾಗುವುದು, ತೂಕ ಇಳಿಯುವುದು. ಇವುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಯಾವ ಯಂತ್ರವೂ ಇಲ್ಲದೆ ಕೇಳಿಯೇ ತಿಳಿಯಬಹುದು. ಪೆಪಿಸ್ ಅವರ ಬಿಳಿ ಗೆರೆಯೊಂದನ್ನೇ ನಂಬುವಂತಿಲ್ಲ ಎಂಬುದೂ ಆಮೇಲೆ ಗೊತ್ತಾಯಿತು. ಧೂಳಿನಲ್ಲಿ ಕೆಲಸ ಮಾಡುವ ಎಷ್ಟೋ ಆರೋಗ್ಯವಂತರ ರಕ್ತದಲ್ಲೂ ಅದು ಮೂಡುತ್ತದೆ. ಮೈ ಧೂಳನ್ನು ಕಂಡಿದೆ ಎಂಬುದಕ್ಕೆ ಸಾಕ್ಷಿಯೇ ಹೊರತು ಕಾಯಿಲೆ ಬಂದಿದೆ ಎಂಬುದಕ್ಕಲ್ಲ. ಬರೀ ಎಕ್ಸರೇಯಲ್ಲಿ ಎಷ್ಟೋ ಸಲ ಏನೂ ಕಾಣುವುದಿಲ್ಲ. ಸಿ.ಟಿ. ಸ್ಕ್ಯಾನನ್ನು ಉಸಿರು ಎಳೆದಾಗ ಒಮ್ಮೆ, ಬಿಟ್ಟಾಗ ಒಮ್ಮೆ ತೆಗೆದರೆ ಗಾಳಿ ಸಿಕ್ಕಿಕೊಂಡ ಜಾಗ ಬೇರೆ ಬಣ್ಣದ ತೇಪೆಯಂತೆ ಕಾಣುತ್ತದೆ. ಬೇಕಾದರೆ ಶ್ವಾಸಕೋಶಕ್ಕೆ ಉಪ್ಪುನೀರು ಬಿಟ್ಟು ಹೊರತೆಗೆದು ಜೀವಕೋಶ ಎಣಿಸುತ್ತಾರೆ, ತೀರಾ ಅನುಮಾನವಾದರೆ ಚೂರು ತೆಗೆದು ನೋಡುತ್ತಾರೆ. 2020ರಲ್ಲಿ ಅಂತರರಾಷ್ಟ್ರೀಯ ವೈದ್ಯ ಸಂಘಗಳು ಸೇರಿ ಈ ಕಾಯಿಲೆಯನ್ನು ಗಟ್ಟಿಯಾದದ್ದು, ಗಟ್ಟಿಯಾಗದ್ದು ಎಂದು ಎರಡೇ ಬಗೆಯಾಗಿ ವಿಂಗಡಿಸಿದವು. ಮುಂದೆ ರೋಗಿಯ ಗತಿ ಏನೆಂಬುದು ಹೆಚ್ಚಾಗಿ ಅದರ ಮೇಲೆ ನಿಂತಿದೆ.

ಒಂದು ತಮಾಷೆಯ ಸಂಗತಿ. ಬೀಡಿ ಸಿಗರೇಟು ಸೇದುವವರಲ್ಲಿ ಈ ಕಾಯಿಲೆ ಸೇದದವರಿಗಿಂತ ಕಡಿಮೆ ಕಂಡಿದೆ. ಡೇರಿ ಕಟ್ಟೆಯ ಮೇಲೆ ಇದನ್ನು ಹೇಳಿದಾಗ ಕೆಲವರು ಬಹಳ ಖುಷಿಪಟ್ಟರು. ಆದರೆ ಸೇದುವವರಿಗೆ ಬಂದರೆ ಅದು ಹೆಚ್ಚು ಕೆಟ್ಟದಾಗಿ ಸಾಗುತ್ತದೆಂದೂ, ಬೀಡಿ ತರುವ ಉಳಿದ ರೋಗಗಳ ಪಟ್ಟಿ ಇದಕ್ಕಿಂತ ಉದ್ದವೆಂದೂ ಹೇಳಿದ ಮೇಲೆ ಸುಮ್ಮನಾದರು.

ಔಷಧಿ ಎಂದರೆ ಸ್ಟಿರಾಯ್ಡ್ ಮಾತ್ರೆ ಕೊಡುತ್ತಾರೆ, ಗಟ್ಟಿಯಾಗುತ್ತಾ ಹೋಗುವ ಶ್ವಾಸಕೋಶಕ್ಕೆ ಈಚೆಗೆ ಬೇರೆ ಮಾತ್ರೆಗಳೂ ಬಂದಿವೆ. ಆದರೆ ಮೊದಲ ಔಷಧಿ ಆ ಧೂಳಿನಿಂದ ದೂರವಾಗುವುದು. ಹೇಳಲು ಸುಲಭ. ಮೂರು ಹಸುವಿನ ಹಾಲಿನ ಬಟವಾಡೆಯಲ್ಲಿ ನಡೆಯುವ ಮನೆಗೆ ಹುಲ್ಲು ಮುಟ್ಟಬೇಡ ಎಂದರೆ ಹಸು ಮಾರು ಎಂದ ಹಾಗೆ. ಮೈಸೂರಿನಿಂದ ಬಂದ ದಿನ ಆ ಮನೆಯಲ್ಲಿ ಹಸು ವ್ಯಾಪಾರದವನನ್ನೂ ಕರೆಸಿದ್ದರು. ಸಂಘದಲ್ಲಿ ಮಾತಾಡಿ ತಡೆದೆವು.

ಕಾನೂನಿನ ನೆರವೂ ಇಂಥ ಮನೆಗೆ ಸಿಗುವುದಿಲ್ಲ. ನಮ್ಮ ದೇಶದ 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಮೂರನೇ ಷೆಡ್ಯೂಲಿಗೆ ಆಮೇಲಿನ ತಿದ್ದುಪಡಿಯಲ್ಲಿ ಬಗಾಸೋಸಿಸ್ಸನ್ನೂ, ಜೈವಿಕ ಧೂಳಿನಿಂದ ಬರುವ ಈ ಅಲರ್ಜಿಯ ರೋಗವನ್ನೂ ಸೇರಿಸಿದರು. ಅದು ಕೂಲಿ ಕೊಡುವ ಧಣಿ ಇದ್ದವರಿಗೆ. ಸ್ವಂತ ಕೊಟ್ಟಿಗೆಯಲ್ಲಿ ದುಡಿಯುವ ಹೆಂಗಸಿಗೆ ಧಣಿ ಯಾರು? ಸಹಕಾರಿಗಳಿಗೆಂದು 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆಂದು ಹುಟ್ಟಿದ್ದು. ಇವರ ಸ್ಕ್ಯಾನು, ಮಾತ್ರೆಗಳ ಖರ್ಚನ್ನೆಲ್ಲ ಮನೆಯವರೇ ಭರಿಸಿದರು.

ಆ ಮನೆಯಲ್ಲಿ ಈಗ ಮಾಡಿಕೊಂಡಿರುವ ಏರ್ಪಾಡು ಇಷ್ಟು. ಬೂಷ್ಟು ಹಿಡಿದ ಮೆದೆಯನ್ನು ಒಂದು ಮಳೆಯ ದಿನ, ಧೂಳೇಳದಂತೆ ನೆಂದಿರುವಾಗಲೇ ಮಗ ತೆಗೆದು ತಿಪ್ಪೆಗೆ ಹಾಕಿದ. ಹೊಸ ಹುಲ್ಲನ್ನು ಪೂರ್ತಿ ಒಣಗಿಸಿ, ನೆಲದಿಂದ ಎತ್ತರಕ್ಕೆ ಕಲ್ಲು ಮರ ಹಾಸಿ, ಮೇಲೆ ಟಾರ್ಪಾಲು ಹೊದಿಸಿ ಮೆದೆ ಹಾಕಿದ್ದಾರೆ. ಮನೆ ಪಕ್ಕದಲ್ಲಿದ್ದ ಮೆದೆ ಈಗ ಗಾಳಿಗೆ ಆಚೆ ದಿಕ್ಕಿನಲ್ಲಿದೆ. ಹುಲ್ಲು ಹಿರಿಯುವುದು, ನೀರು ಚಿಮುಕಿಸಿ ಕತ್ತರಿಸುವುದು ಗಂಡ ಮಗನ ಕೆಲಸ. ಅವರೂ ಬರೀ ಟವೆಲ್ಲು ಬಿಟ್ಟು ಎನ್-95 ಮಾಸ್ಕು ಹಾಕಿಕೊಳ್ಳುತ್ತಾರೆ. ಕಾಲು ಎಕರೆಗೆ ನೇಪಿಯರ್ ಹಾಕಿ ಹಸಿ ಮೇವು ಹೆಚ್ಚಿಸಿದ್ದಾರೆ. ಅಕ್ಕನವರು ಹಾಲು ಕರೆಯುವುದನ್ನು ಮಾತ್ರ ಬಿಟ್ಟಿಲ್ಲ, ಅದೂ ಹುಲ್ಲು ಹಾಕಿ ಮುಗಿಸಿ ಕೊಟ್ಟಿಗೆ ತಣ್ಣಗಾದ ಮೇಲೆ. ಆರು ಕೆ.ಜಿ. ತೂಕ ಮತ್ತೆ ಬಂದಿದೆ, ಸಂಜೆಯ ಜ್ವರ ನಿಂತಿದೆ. ಶ್ವಾಸಕೋಶದ ಕೆಳಭಾಗದಲ್ಲಿ ಸ್ವಲ್ಪ ಗಟ್ಟಿಯಾಗಿದ್ದದ್ದು ಹಾಗೇ ಇದೆ, ಕೆರೆ ಏರಿ ಹತ್ತುವಾಗ ಎರಡು ಕಡೆ ನಿಂತು ಸುಧಾರಿಸಿಕೊಳ್ಳುತ್ತಾರೆ. ಆರು ತಿಂಗಳಿಗೊಮ್ಮೆ ಮೈಸೂರಿಗೆ ಹೋಗಿ ಊದುವ ಪರೀಕ್ಷೆ ಮಾಡಿಸಿಕೊಂಡು ಬರುತ್ತಾರೆ. ಚೀಟಿಯಲ್ಲಿ ಕಸುಬು ಎನ್ನುವ ಕಡೆ ಈಗ ‘ಹೈನುಗಾರಿಕೆ’ ಎಂದು ಬರೆಸಿದ್ದಾರೆ.